ಶಿವಗಂಗಮ್ಮ ಹೇಳಿದ ಗೊರಕೆಯ ಕತೆ

ಶಿವಗಂಗಮ್ಮ ಜನರನ್ನು ನಗಿಸುವ ಆಸೆಗೆ ಯಾರನ್ನು ಬೇಕಾದರೂ ಬಿಟ್ಟುಕೊಡುವ ಹೆಂಗಸು. ಕೆಟ್ಟವಳಲ್ಲ. ಅಡುಗೆ, ಆದರ, ಪೂಜೆ, ನೆಂಟಸ್ತಿಕೆ ಯಾವುದರಲ್ಲೂ ಕೊರತೆಯಿರಲಿಲ್ಲ. ಆದರೆ ಕೇಳುವವರು ಇಬ್ಬರು ಎದುರಿಗೆ ಕೂತರೆ ಸಾಕು, ಅವಳ ನಾಲಿಗೆ ಮೊದಲು ಗಂಡನನ್ನು, ಆಮೇಲೆ ಮಗಳನ್ನು, ಕೊನೆಗೆ ಸತ್ತು ಸ್ವರ್ಗ ಸೇರಿದ ಅತ್ತೆಯನ್ನೂ ಬೀದಿಗೆ ಎಳೆದು ತರುತ್ತಿತ್ತು. ನಕ್ಕವರು ಎದ್ದು ಹೋದ ಮೇಲೆ ಮನೆಯಲ್ಲಿ ಉಳಿದವರ ಮುಖ ಹೇಗಿದೆ ಎಂದು ಅವಳು ನೋಡಿದ್ದಿಲ್ಲ.

ಗಂಡ ಗಂಗಾಧರಯ್ಯ ಲೋಕೋಪಯೋಗಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್. ತಿಪಟೂರಿನ ಕಡೆಯವರು. ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಸ್ವಂತ ಮನೆ, ಹುಬ್ಬಳ್ಳಿಗೆ ಕೊಟ್ಟ ಒಬ್ಬಳು ಮಗಳು, ಒಂದು ಹಳೆಯ ಸ್ಕೂಟರ್. ಮಾತು ಕಡಿಮೆ. ಹೆಂಡತಿ ಅವರ ಮೇಲೆ ಕತೆ ಕಟ್ಟುವಾಗ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿಯುತ್ತಿದ್ದರು, ಅಷ್ಟೇ.

ಅವರು ಗೊರಕೆ ಹೊಡೆಯುತ್ತಾರೆಂಬುದು ಬಂಧುಬಳಗಕ್ಕೆಲ್ಲ ತಿಳಿದ ಸಂಗತಿ. ಅದು ಕಾಯಿಲೆಯೆಂದು ತಿಳಿದದ್ದು ಮಾತ್ರ 2006ರಲ್ಲಿ. ಆ ವರ್ಷ ಅವರಿಗೆ ಎಲ್ಲೆಂದರಲ್ಲಿ ನಿದ್ದೆ ಬರತೊಡಗಿತು. ಕೈಯಲ್ಲಿ ಪೆನ್ನು ಹಿಡಿದಂತೆಯೇ ಆಫೀಸಿನಲ್ಲಿ ತೂಕಡಿಸುತ್ತಿದ್ದರು. ಒಂದು ದಿನ ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೇ ಕಣ್ಣು ಮುಚ್ಚಿ, ಮುಂದಿದ್ದ ಆಟೋಗೆ ಗುದ್ದಿ, ಮೊಣಕಾಲಿನ ಚರ್ಮ ಸುಲಿಸಿಕೊಂಡು ಬಂದರು. ರಾಜಾಜಿನಗರದ ನರ್ಸಿಂಗ್ ಹೋಮಿನ ಡಾಕ್ಟರು ತಲೆಗೆಲ್ಲ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಂತುಹೋಗುತ್ತಿದೆ, ಅಂಗಾತ ಮಲಗಿದರೆ ಇನ್ನೂ ಹೆಚ್ಚು, ಹೀಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು ಎಂದರು. ಮೂಗಿಗೆ ಮಾಸ್ಕು ಹಾಕಿ ಉದ್ದನೆಯ ಪೈಪಿನಿಂದ ಗಾಳಿ ಒತ್ತುವ ಮಷೀನು ಬೇಕೆಂದು ಬರೆದುಕೊಟ್ಟರು.

ಮಷೀನು ತಂದವನು ವೆಂಕಟಗಿರಿ. ಬಸವೇಶ್ವರನಗರದಲ್ಲಿ ವೀಲ್‌ಚೇರು, ವಾಕರು, ಆಕ್ಸಿಜನ್ ಸಿಲಿಂಡರುಗಳ ನಡುವೆ ಕೂರುವ ಅಂಗಡಿಯವನು. ಅದರ ಬೆಲೆ ಗಂಗಾಧರಯ್ಯನವರ ನಾಲ್ಕಾರು ತಿಂಗಳ ಸಂಬಳವನ್ನು ನುಂಗುವಂಥದ್ದು. ಆದರೆ ಅವನಿಗೆ ಅದಕ್ಕೂ ದಾರಿ ಗೊತ್ತಿತ್ತು.

“ಸದ್ಯಕ್ಕೆ ಟ್ರಯಲ್ ಅಂತ ಇಟ್ಕೊಳ್ಳಿ ಸಾರ್. ಇನ್ಶೂರೆನ್ಸ್ ಕ್ಲೇಮ್ ಪಾಸಾದ್ಮೇಲೆ ಬಿಲ್ ಮಾಡೋಣ. ಮನೇಲಿಟ್ಕೊಳ್ಳೋ ಮಷೀನಿಗೆ ಕೆಲವು ಕಂಪನಿ ಕೊಡುತ್ತೆ, ಕೆಲವು ಕೊಡಲ್ಲ. ನಿಮ್ಮ ಪಾಲಿಸಿ ಬಗ್ಗೆ ಕೇಳಿದೀನಿ, ಡಾಕ್ಟ್ರ ಲೆಟರ್ ಇದ್ರೆ ಕೊಡೋ ಥರ ಇದೆ.”

ಮಷೀನು ಬಂದ ಮೊದಲ ವಾರದಲ್ಲೇ ಗಂಗಾಧರಯ್ಯ ಬೇರೆ ಮನುಷ್ಯರಾದರು. ಬೆಳಿಗ್ಗೆ ತಾವಾಗಿ ಎದ್ದರು. ಪೇಪರನ್ನು ಕೊನೆಯ ಪುಟದವರೆಗೆ ಓದಿ ಪದಬಂಧ ತುಂಬಿದರು. ಗಡ್ಡ ಹೆರೆದುಕೊಳ್ಳುತ್ತ ಏನನ್ನೋ ಗುನುಗಿದ್ದೂ ಕೇಳಿಸಿತು. ಶಿವಗಂಗಮ್ಮನಿಗೆ ಸಂತೋಷವಾಯಿತು. ಆ ಸಂತೋಷದಲ್ಲೇ ಆಚೆ ಮನೆಯ ಹನುಮವ್ವನನ್ನು ಕಾಂಪೌಂಡಿನ ಬಳಿಗೆ ಕರೆದಳು.

“ನಮ್ಮನೆಗೆ ಗಣಪತಿ ಬಂದಿದಾನೆ ಕಣ್ರೀ. ಚೌತಿವರೆಗೂ ಕಾಯ್ಲಿಲ್ಲ. ಸೊಂಡಿಲು ಮಂಚದಿಂದ ಟೀಪಾಯಿವರೆಗೂ ಇದೆ.”

ಹನುಮವ್ವ ನಕ್ಕಳು. ಸಂಜೆಯ ಹೊತ್ತಿಗೆ ಬೀದಿಯ ಮಕ್ಕಳು ಸೊಂಡಿಲು ನೋಡಲು ಗೇಟಿನ ಹತ್ತಿರ ಬಂದು ನಿಂತಿದ್ದವು. ಗಂಗಾಧರಯ್ಯ ಎದ್ದು ಹೋಗಿ ಕೋಣೆಯ ಕಿಟಕಿ ಹಾಕಿದರು.

ಕ್ಲೇಮಿನ ಕಾಗದಗಳು ಹೋಗಿ ಕೆಲವು ವಾರವಾಗಿತ್ತು. ಒಂದು ದಿನ ಅವರು ಆಫೀಸಿಗೆ ಹೋದ ಮೇಲೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ವಿಚಾರಿಸಲು ಒಬ್ಬ ಯುವಕ ಬಂದ. ಹೆಸರು ಶ್ರೀಶೈಲ, ವಿಜಾಪುರದ ಕಡೆಯವನು. ಬೆಂಗಳೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವನ ಹಣೆಯ ಮೇಲಿನ ವಿಭೂತಿ ಕಂಡದ್ದೇ ತಡ, ಅವನು ಯಾವ ಕೆಲಸಕ್ಕೆ ಬಂದವನೆಂಬುದು ಶಿವಗಂಗಮ್ಮನಿಗೆ ಮರೆತುಹೋಯಿತು.

“ನಮ್ಮೋನೇ ಕಣಪ್ಪ ನೀನು. ಬಾ, ಕೂತ್ಕೋ. ತಿಂಡಿ ಆಯ್ತಾ?”

“ಆಗೇತ್ರಿ ಅಮ್ಮಾರ. ನಾಕು ಮಾತು ಕೇಳಿ ಹೊಕ್ಕೀನ್ರಿ.”

“ತಿಂದ್ಬಿಟ್ಟು ಕೇಳು.”

ಮನೆಗೆ ಬಂದ ಶರಣರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಅವಳ ತವರಿನಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಉಪ್ಪಿಟ್ಟು ಬಂತು, ಮೇಲೆ ಮೊಸರು ಬಂತು, ಬೇಡವೆಂದರೂ ಇನ್ನೊಂದು ಸೌಟು ಬಿತ್ತು. ಹುಡುಗ ಸಂಕೋಚ ಬಿಟ್ಟು ತಿಂದ. ಕಾಫಿಯ ಲೋಟ ಹಿಡಿದು ತನ್ನ ಕಾಗದ ತೆಗೆದ.

“ಸಾಹೇಬ್ರಿಗೆ ಈ ಗೊರಕಿ ಯಾವಾಗಿಂದ ಐತ್ರಿ?”

ಅದು ಅವಳ ಕಿವಿಗೆ ಪ್ರಶ್ನೆಯಾಗಿ ಬೀಳಲಿಲ್ಲ, ಕತೆಗೆ ಪೀಠಿಕೆಯಾಗಿ ಬಿತ್ತು.

“ಯಾವಾಗಿಂದ ಅಂತೀಯಾ? ನಮ್ಮ ಮದುವೆ ಹಿಂದಿನ ರಾತ್ರಿ ಛತ್ರದಲ್ಲಿ ಮಲಗಿದ್ರಪ್ಪ ಇವರು. ನಡುರಾತ್ರೀಲಿ ನಮ್ಮ ಸೋದರಮಾವ ಎದ್ದು, ಬ್ಯಾಟರಿ ಹಿಡ್ಕೊಂಡು ಅಡುಗೆಮನೆಗೆ ನುಗ್ಗಿ, ‘ಹಿಟ್ಟು ಸಂಜೇನೇ ರುಬ್ಬಿ ಆಯ್ತಲ್ಲ, ಇಷ್ಟೊತ್ನಲ್ಲಿ ಯಾರ್ರೋ ಒರಳು ತಿರುಗಿಸ್ತಾ ಇರೋದು’ ಅಂತ ಅಡುಗೆಯೋರನ್ನೆಲ್ಲ ಎಬ್ಬಿಸಿಬಿಟ್ಟ. ಅವರು ಕಣ್ಣುಜ್ಕೊಂಡು ಹೋಗಿ ಒರಳು ಮುಟ್ಟಿ ನೋಡ್ತಾರೆ, ಸುಮ್ನೆ ಕೂತಿದೆ. ಸದ್ದು ಮಾತ್ರ ಬರ್ತಾನೇ ಇದೆ. ಸದ್ದಿನ ಹಿಂದೇನೇ ಹೋದ್ರೆ ಮದುವೆ ಗಂಡಿನ ಹಾಸಿಗೆ. ಬೆಳಗಾಗೋದ್ರಲ್ಲಿ ಇಡೀ ಛತ್ರಕ್ಕೆ ಇವರು ಒರಳುಕಲ್ಲಿನ ಅಳಿಯಂದಿರು. ಅಷ್ಟಾದ್ಮೇಲೂ ತಾಳಿ ಕಟ್ಟಿಸ್ಕೊಂಡೋಳು ನಾನು.”

ಶ್ರೀಶೈಲ ಬಿದ್ದು ಬಿದ್ದು ನಕ್ಕ. ಕಾಫಿ ಚೆಲ್ಲಿಕೊಂಡ. ಕಣ್ಣೊರೆಸಿಕೊಂಡ ಮೇಲೆ ಕೈಯಲ್ಲಿದ್ದ ಕಾಗದದ ಕಡೆ ನೋಡಿದ.

“ಅಮ್ಮಾರ, ಇದನ್ನ ಬರ್ಕೊಳ್ಳೇನ್ರಿ? ಬರದ್ರ ಇದು ನಿಮ್ಮ ಹೇಳಿಕಿ ಆಕ್ಕೈತಿ, ನೋಡ್ರಿ ಮತ್ತ.”

“ಬರ್ಕೊಳ್ಳಪ್ಪ. ನಿಮ್ಮ ಆಫೀಸಿನೋರೂ ಒಂದಿಷ್ಟು ನಗಲಿ.”

ಅವನು ಅವಳ ಮುಖವನ್ನು ಇನ್ನೊಮ್ಮೆ ನೋಡಿ ಬರೆದುಕೊಂಡ. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದ. ಎಂಥ ಸಂಸ್ಕಾರದ ಹುಡುಗ ಎಂದು ಅವಳು ಸಂಜೆಯೆಲ್ಲ ಹೇಳಿಕೊಂಡಳು.

ಫಲಿತಾಂಶ ತಿಳಿಸಲು ವೆಂಕಟಗಿರಿ ಒಂದು ಭಾನುವಾರ ಮನೆಗೇ ಬಂದ. ಗಂಗಾಧರಯ್ಯ ಪದಬಂಧದ ಮುಂದೆ ಕೂತಿದ್ದರು.

“ಕ್ಲೇಮ್ ಆಗ್ಲಿಲ್ಲ ಸಾರ್. ಪಾಲಿಸಿ ಮಾಡಿಸೋ ಮೊದಲೇ ಇದ್ದ ಕಾಯಿಲೆ ಅಂತ ಹಾಕಿದಾರೆ. ನೀವು ಫಾರಂನಲ್ಲಿ ಯಾವ ಕಾಯಿಲೇನೂ ಇಲ್ಲ ಅಂತ ಬರೆದಿದ್ರಲ್ಲ, ಮುಚ್ಚಿಟ್ಟಿದ್ರಿ ಅಂತಾರೆ.” ಅವನು ಶಿವಗಂಗಮ್ಮನ ಕಡೆ ತಿರುಗಿದ. “ಮೇಡಂ, ವಿಚಾರಣೆಗೆ ಬಂದೋನ ಹತ್ರ ಏನೋ ಛತ್ರದ ಕತೆ ಹೇಳಿದ್ರಂತೆ? ಆಫೀಸಲ್ಲೆಲ್ಲ ಓದ್ಕೊಂಡು ನಕ್ರಂತೆ.”

ಶಿವಗಂಗಮ್ಮನ ಕೈಯಲ್ಲಿ ಕಾಫಿಯ ತಟ್ಟೆ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗಂಗಾಧರಯ್ಯ ಹೆಂಡತಿಯ ಕಡೆ ನೋಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

“ಮಷೀನ್ ತೊಗೊಂಡು ಹೋಗಿ ವೆಂಕಟಗಿರಿ.”

“ಅರ್ಜೆಂಟೇನಿಲ್ಲ ಸಾರ್. ಬೇಕಾದ್ರೆ ಹಳೇದೊಂದಿದೆ, ಬಾಡಿಗೆಗೆ ಕೊಡ್ತೀನಿ.”

“ಸುಳ್ಳುಗಾರ ಅನ್ನಿಸ್ಕೊಂಡಾಯ್ತು. ಇನ್ನು ಬಾಡಿಗೆ ಉಸಿರು ಬೇರೆ ಬೇಡ.”

ವೆಂಕಟಗಿರಿ ಪೈಪು ಸುತ್ತಿ, ಮಾಸ್ಕನ್ನು ಕವರಿಗೆ ಹಾಕಿ, ಮಷೀನನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದ. ಗೇಟು ಹಾಕಿದ ಸದ್ದಾದ ಮೇಲೆ ಶಿವಗಂಗಮ್ಮ ಹೇಳಿದಳು, “ಬಯ್ದುಬಿಡ್ರೀ ನನ್ನ.”

“ಯಾಕೆ ಬೈಲಿ? ನೀನು ಹೇಳಿದ್ದೇನು ಸುಳ್ಳಾ? ಗೊರಕೇನ ಕಾಯಿಲೆ ಅಂತ ನಾನಂದ್ಕೊಂಡಿರ್ಲಿಲ್ಲ ಅನ್ನೋದೂ ಸುಳ್ಳಲ್ಲ. ಅವರಿಗೆ ನಿನ್ನ ಮಾತೊಂದೇ ಸಾಕಾಯ್ತು.”

“ನನ್ನ ಸರ ಇದೆಯಲ್ಲ...”

“ಆ ಮಾತು ಎತ್ತಬೇಡ.”

ಬೈದಿದ್ದರೆ ಅವಳು ಎದುರಾಡುತ್ತಿದ್ದಳು, ಅತ್ತುಬಿಡುತ್ತಿದ್ದಳು, ರಾತ್ರಿಯೊಳಗೆ ಮುಗಿಯುತ್ತಿತ್ತು. ಬೈಯಲಿಲ್ಲವಾದ್ದರಿಂದ ಅದು ಉಳಿಯಿತು. ಒಗೆದ ಬಟ್ಟೆ ಹಿಂಡುವಾಗ, ಅಕ್ಕಿ ಆರಿಸುವಾಗ, ತಾನು ಆ ಕತೆ ಹೇಳಿದ ಮದುವೆಮನೆಗಳು, ಗೃಹಪ್ರವೇಶಗಳು ಒಂದೊಂದಾಗಿ ನೆನಪಿಗೆ ಬಂದವು. ಪ್ರತಿ ಸಲವೂ ಕೇಳಿದವರು ನಕ್ಕದ್ದು ಕಣ್ಣಿಗೆ ಕಟ್ಟಿತು. ಗಂಡ ನಕ್ಕದ್ದು ಮಾತ್ರ ಎಷ್ಟು ಹುಡುಕಿದರೂ ಒಂದು ಕಡೆಯೂ ಸಿಗಲಿಲ್ಲ.

ಗಂಡನಿಗೆ ಹೇಳದೆ ಒಂದು ದಿನ ಬಸ್ಸು ಹತ್ತಿ ಕಂಪನಿಯ ಆಫೀಸಿಗೆ ಹೋದಳು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿಯ ಹೆಸರು ಅನಂತಲಕ್ಷ್ಮಿ. ಶಿವಗಂಗಮ್ಮ ಗಂಡನ ಹೆಸರು ಹೇಳಿದ್ದೇ ಆಕೆಯ ತುಟಿ ತಾನಾಗಿ ಅಗಲವಾಯಿತು.

“ಓ, ಒರಳುಕಲ್ಲಿನ ಅಮ್ಮ ನೀವೇನಾ?”

ಪಕ್ಕದ ಮೇಜಿನವನೂ ತಲೆಯೆತ್ತಿ ನೋಡಿದ. ಬೇರೆ ದಿನವಾಗಿದ್ದರೆ ಅಂಥ ಹೆಸರು ಅವಳಿಗೆ ಕಿರೀಟವಾಗುತ್ತಿತ್ತು.

“ಅದು ಸುಳ್ಳು ಕಣಮ್ಮ,” ಎಂದಳು. “ನಾನು ಕಟ್ಟಿದ ಕತೆ. ಅವರು ಆಗ ಗೊರಕೇನೇ ಹೊಡೀತಿರ್ಲಿಲ್ಲ. ನಾನು ಸುಳ್ಳಿ ಅಂತ ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ.”

ಅನಂತಲಕ್ಷ್ಮಿಯ ನಗು ಇಳಿಯಿತು. ಒಳ್ಳೆಯ ಹೆಂಗಸು. ಕುರ್ಚಿ ಎಳೆದು ಕೂರಿಸಿ, ನೀರು ತರಿಸಿದಳು.

“ಆಂಟಿ, ಕಾಫಿ ಕುಡೀತಾ ಖುಷೀಲಿ ಹೇಳಿದ ಮಾತೊಂದು, ಕ್ಲೇಮ್ ಹೋದ್ಮೇಲೆ ಬಂದು ಹೇಳ್ತಾ ಇರೋ ಮಾತೊಂದು. ನನ್ನ ಜಾಗದಲ್ಲಿ ಕೂತು ನೀವೇ ಹೇಳಿ, ಯಾವುದನ್ನ ನಂಬ್ತೀರಿ?”

ಶಿವಗಂಗಮ್ಮನಿಗೆ ಆ ಜಾಗದಲ್ಲಿ ಕೂತು ನೋಡುವ ಬುದ್ಧಿ ಇತ್ತು. ನೀರು ಕುಡಿದು ಎದ್ದು ಬಂದಳು.

ಆಮೇಲೆ ಅವಳು ಮಾಡಿದ್ದು ಒಂದೇ. ಅಂಗಾತ ಮಲಗಿದರೆ ಹೆಚ್ಚು ಎಂದು ಡಾಕ್ಟರು ಅಂದಿದ್ದರಲ್ಲ, ಗಂಡ ಮಲಗಿದ ಮೇಲೆ ಗೋಡೆಗೆ ಒರಗಿ ಕೂತು ಅವರ ಉಸಿರು ಕೇಳತೊಡಗಿದಳು. ಅದು ನಿಂತಾಗ ಹೆಗಲು ಹಿಡಿದು ಮೆಲ್ಲಗೆ ಮಗ್ಗುಲಿಗೆ ಹೊರಳಿಸುವುದು. ಅವರು ಮತ್ತೆ ಅಂಗಾತವಾಗುವವರೆಗೆ ಕಾಯುವುದು. ಬೆಳಕು ಹರಿಯುವಾಗ ಎದ್ದು ಏನೂ ಆಗಿಲ್ಲವೆಂಬಂತೆ ಹಾಲು ಕಾಯಿಸುವುದು. ಅದೇನೂ ಮಷೀನಿಗೆ ಸಮವಲ್ಲ. ಎಲ್ಲ ಸಲವೂ ಅವಳಿಗೆ ಎಚ್ಚರವಿರುತ್ತಿತ್ತೆಂದೂ ಅಲ್ಲ. ಆದರೂ ಗಂಗಾಧರಯ್ಯ ಆಫೀಸಿನಲ್ಲಿ ತೂಕಡಿಸುವುದು ಅಷ್ಟಿಷ್ಟು ಕಡಿಮೆಯಾಯಿತು. ಪದಬಂಧ ಅರ್ಧದವರೆಗೆ ತುಂಬತೊಡಗಿತು.

“ನೋಡಿದ್ಯಾ,” ಎಂದರು ಒಂದು ಬೆಳಿಗ್ಗೆ. “ಆ ಮಷೀನೇನೂ ಬೇಕಿರ್ಲಿಲ್ಲ. ಅಂಗಡಿಯೋನಿಗೆ ವ್ಯಾಪಾರ ಆಗ್ಬೇಕಿತ್ತು, ಅಷ್ಟೇ. ನನ್ನ ಪಾಡಿಗೆ ನಾನು ಚೆನ್ನಾಗೇ ಮಲಗ್ತಾ ಇದೀನಿ.”

“ಹೌದು,” ಎಂದು ಅವಳು ಚಟ್ನಿ ಬಡಿಸಿದಳು. ಅವರು ಕೇಳಿಸಿಕೊಂಡ ಅವಳ ಅತಿ ಚಿಕ್ಕ ಉತ್ತರ ಅದೇ ಇರಬೇಕು. ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗೋಣವೆಂದು ಹೇಳಲು ಅವಳು ಸಮಯ ಕಾಯುತ್ತಿದ್ದಳು. ಹೇಳುವ ಹಕ್ಕು ತನಗಿದೆಯೆಂದು ಮಾತ್ರ ಅನಿಸುತ್ತಿರಲಿಲ್ಲ.

ವಿಜಯನಗರದಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರು ಸೇರಿ ವಚನ ಹಾಡುವ ಬಳಗವೊಂದಿತ್ತು. ಹಾಡು ಮುಗಿದ ಮೇಲೆ ಶಿವಗಂಗಮ್ಮನ ಮಾತು ಕೇಳಲೆಂದೇ ಕೆಲವರು ಉಳಿಯುತ್ತಿದ್ದರು. ಹಲವು ವಾರ ತಪ್ಪಿಸಿ ಅವಳು ಕಾರ್ತಿಕದ ಒಂದು ಶನಿವಾರ ಹೋದಳು. ಗೋಡೆಯ ಪಕ್ಕ ಕೂತಳು. ಎರಡನೆಯ ವಚನಕ್ಕೆ ಅವಳ ತಲೆ ಎದೆಯ ಮೇಲೆ ಬಿತ್ತು. ಮೂರನೆಯದಕ್ಕೆ ಬಾಯಿ ತೆರೆದುಕೊಂಡಿತು. ಹಾರ್ಮೋನಿಯಂ ನಿಂತ ಸಂದಿನಲ್ಲಿ ಅವಳ ಗೊರಕೆ ಎಲ್ಲರಿಗೂ ಕೇಳಿಸಿತು.

ಪಕ್ಕದಲ್ಲಿದ್ದ ಗುರುದೇವಿ ಮೊಣಕೈಯಿಂದ ತಿವಿದಳು.

“ಏನ್ರೀ ಶಿವಗಂಗಮ್ಮ, ಯಜಮಾನ್ರ ಕಾಯಿಲೆ ನಿಮಗೂ ಹತ್ಕೊಂತಾ?”

ಹೆಂಗಸರೆಲ್ಲ ನಕ್ಕರು. ನಕ್ಕು ಅವಳ ಕಡೆ ತಿರುಗಿ ಕಾದರು. ಈಗ ಏನಾದರೂ ಹೇಳುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಹೇಳಲು ಅವಳಲ್ಲಿ ಇತ್ತು ಕೂಡ. ಗಂಡನ ಉಸಿರು ಕಾಯುವ ಹೆಂಡತಿ, ಹೊರಳಿಸಿದರೆ ಮತ್ತೆ ಉರುಳಿ ಬರುವ ಗಂಡ, ಬೆಳಿಗ್ಗೆ ಎದ್ದು ತನ್ನ ಪಾಡಿಗೆ ಮಲಗಿದೆನೆಂಬ ಅವರ ಜಂಬ. ಛತ್ರದ ಕತೆಗಿಂತ ಒಳ್ಳೆಯ ಕತೆ, ಒಂದು ಮಾತೂ ಸೇರಿಸಬೇಕಾಗಿರಲಿಲ್ಲ. ಅವಳ ತುಟಿ ಅಲುಗಿದ್ದನ್ನು ಗುರುದೇವಿ ನೋಡಿದಳು.

ಶಿವಗಂಗಮ್ಮ ಬಾಯಿಯ ಅಂಚನ್ನು ಸೆರಗಿನಿಂದ ಒರೆಸಿಕೊಂಡಳು.

“ಹೂಂ ಕಣ್ರೀ. ಗೊರಕೆ ನಂದೇ. ಅವರದು ಅಂತ ಸುಮ್ನೆ ಹೇಳ್ತಿದ್ದೆ.”

ನಗು ಮೊದಲಿಗಿಂತ ಜೋರಾಗಿ ಎದ್ದಿತು. ಅವಳು ಪುಸ್ತಕ ಬಿಡಿಸಿ, ಯಾವ ವಚನಕ್ಕೆ ಬಂದಿದ್ದೀರೆಂದು ಗುರುದೇವಿಯನ್ನು ಕೇಳಿದಳು.