ಅಪ್ಪ ಸಾರಿದ ಎರಡು ಮಾತು

ನಾನು ಚಿಕ್ಕವನಿದ್ದಾಗ ಹುನಗುಂದದ ಹತ್ತಿರದ ನಮ್ಮೂರಿನಲ್ಲಿ ಎರಡು ಶಾಲೆಗಳಿದ್ದವು. ಊರ ನಡುವಿನ ದೊಡ್ಡ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಚಪ್ಪಲಿ ಬಿಡುವ ಕಡೆ ಕುಳಿತು ಪಾಠ ಕೇಳಬೇಕು. ಅಲ್ಲಿಗೆ ಹೋದಷ್ಟು ದಿನ ನಾನು ಕಲಿತದ್ದು ಯಾವ ಚಪ್ಪಲಿ ಯಾರದೆಂಬುದನ್ನು ಮಾತ್ರ.

ಇನ್ನೊಂದನ್ನು ನಮ್ಮ ಕೇರಿಯವರೇ ಕಟ್ಟಿಕೊಂಡಿದ್ದರು. ಕೆಂಪು ಕಲ್ಲಿನ ಗೋಡೆ, ಮೇಲೆ ತಗಡು, ಸಗಣಿ ಸಾರಿಸಿದ ನೆಲ. ಮನೆಮನೆಯಿಂದ ಹಿಡಿ ಹಿಡಿ ಜೋಳ ಕೂಡಿಸಿ ಮಾಸ್ತರರ ಹೊಟ್ಟೆ ಹೊರೆಯುತ್ತಿದ್ದೆವು. ಮಾಸ್ತರರೂ ನಮ್ಮವರೇ. ಅಲ್ಲಿ ನಾನು ಮೊದಲ ಸಾಲಿನಲ್ಲಿ ಎದೆಯುಬ್ಬಿಸಿ ಕೂರುತ್ತಿದ್ದೆ.

ಅಪ್ಪನ ಕೆಲಸ ಡಂಗುರ ಸಾರುವುದು. ಊರ ಹಿರಿಯರು ಹೇಳಿದ್ದನ್ನು ಹಲಗೆ ಬಾರಿಸುತ್ತ ಓಣಿಓಣಿಗೂ ಮುಟ್ಟಿಸುತ್ತಿದ್ದ. ಅವನ ಬಾಯಿಂದ ಬಂದದ್ದನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಬೇಸಿಗೆಯ ಮುಂಜಾನೆ ಹಿರಿಯರು ಅವನನ್ನು ಕರೆಸಿದರು. ತಿರುಗಿ ಬಂದವನ ಮುಖ ಕಪ್ಪಿಟ್ಟಿತ್ತು. ರೊಟ್ಟಿ ಮುಟ್ಟಲಿಲ್ಲ. ಬೆಂಕಿಯ ಮುಂದೆ ಕುಳಿತು ಹಲಗೆ ಕಾಯಿಸತೊಡಗಿದ. ಕಾದ ತೊಗಲಿನ ವಾಸನೆ ಮನೆಯೆಲ್ಲ ತುಂಬಿತು. ಏನು ಸಾರುತ್ತೀ ಎಂದು ಅಕ್ಕ ಎರಡು ಸಲ ಕೇಳಿದಳು. ಅವನು ಹಲಗೆ ಹೆಗಲಿಗೇರಿಸಿ ಹೊರಟ.

ನಾವು ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದಾಗ ಹಲಗೆಯ ಸದ್ದು ದೂರದ ಓಣಿಯಲ್ಲಿ ಕೇಳಿಸಿತು. ಸದ್ದು ಹತ್ತಿರವಾದಂತೆ ನಾಯಿಗಳು ಬೊಗಳಿದವು, ಕೇರಿಯ ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದರು. ಮಾಸ್ತರರ ಕೈಯಲ್ಲಿದ್ದ ಸುಣ್ಣದ ಕಡ್ಡಿ ನಿಂತಿತು. ಅಪ್ಪ ನಮ್ಮ ಬಾಗಿಲ ಮುಂದೆಯೇ ಬಂದು ನಿಂತ.

"ಕೇಳ್ರಪ್ಪೋ ಕೇಳ್ರಿ. ನಾಳಿಂದ ಈ ಸಾಲಿಗೆ ಮಕ್ಕಳನ್ನ ಕಳಿಸಿದವರಿಗೆ ಊರಾಗ ಕೂಲಿ ಇಲ್ಲ, ಅಂಗಡ್ಯಾಗ ಉಪ್ಪು ಸೈತ ಇಲ್ಲ. ಇದು ಹಿರ್ಯಾರ ಮಾತು."

ಅಪ್ಪ ಮತ್ತೊಮ್ಮೆ ಹಲಗೆ ಬಾರಿಸಿದ.

"ನಾಳಿ ನನ್ನ ಮಗಾ, ಮಗಳು ಇಬ್ಬರೂ ಸಾಲಿಗೆ ಬರ್ತಾರ. ಇದು ನನ್ನ ಮಾತು."

ನನಗೆ ಹೆಮ್ಮೆಯಾಯಿತು ಎಂದರೆ ಸುಳ್ಳು. ಬರೀ ಹೆದರಿಕೆಯಾಗಿತ್ತು. ಮರುದಿನ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದು ಶಾಲೆಗೆ ಕರೆದೊಯ್ದಳು. ಹಿರಿಯರ ಆಳುಗಳು ಬೇವಿನ ಮರದ ಕೆಳಗೆ ನಿಂತು ಯಾರ್ಯಾರು ಹೋಗುತ್ತಾರೆಂದು ನೋಡುತ್ತಿದ್ದರು. ಒಳಗೆ ನಾವು ಆರೇ ಮಕ್ಕಳು. ವಾರ ಕಳೆಯುವಷ್ಟರಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಅಪ್ಪನ ಕೆಲಸ ಹೋಯಿತು. ಇಳಕಲ್ಲಿನ ಕಲ್ಲು ಗಣಿಯಲ್ಲಿ ಸುತ್ತಿಗೆ ಹಿಡಿದ. ಮನೆಗೆ ಉಪ್ಪೂ ಅಲ್ಲಿಂದಲೇ ಬರುತ್ತಿತ್ತು. ಶಾಲೆ ಮಾತ್ರ ಮುಚ್ಚಲಿಲ್ಲ. ಮುಂದೆ ಅಕ್ಕನೇ ಅಲ್ಲಿ ಶಿಕ್ಷಕಿಯಾದಳು. ಅವಳ ಕೈಯಲ್ಲಿ ಕಲಿತವರು ಇವತ್ತು ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರರಾಗಿ, ಕೋರ್ಟಿನಲ್ಲಿ ವಕೀಲರಾಗಿ ಇದ್ದಾರೆ. ತಲೆ ಎತ್ತಿ ಮಾತಾಡುವುದನ್ನು ನಮಗೆ ಕಲಿಸಿದ್ದು ಆ ತಗಡಿನ ಶಾಲೆಯೇ.

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತೀರಿ, ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಕೈ ಹಾಕುತ್ತೀರಿ. ನೋಡಿದರೆ ನನ್ನ ಹೊಟ್ಟೆ ತಂಪಾಗುತ್ತದೆ. ಆದರೆ ನಿನ್ನೆ ಮೊಮ್ಮಗಳು ನನ್ನ ಪಕ್ಕ ಕುಳಿತು, "ಅಜ್ಜಾ, ನೀವು ಯಾವ ಜಾತಿ ಮಂದಿ ಅಂತ ಗೆಳತ್ಯಾರು ಕೇಳಿದ್ರು. ನಾ ಸುಳ್ಳು ಹೇಳಿದೆ" ಅಂದಳು.

ಅವಳಿಗೆ ಇದನ್ನೆಲ್ಲ ಹೇಳಿದೆ. ಇವತ್ತು ಖರೆ ಹೇಳುತ್ತೇನೆಂದು ಅವಳು ಮುಂಜಾನೆ ಹೋಗಿದ್ದಾಳೆ. ಶಾಲೆಯ ಬಸ್ಸು ಬರುವುದು ನಾಲ್ಕೂವರೆಗೆ. ನಾನು ಮೂರಕ್ಕೇ ಬಾಗಿಲಲ್ಲಿ ಬಂದು ಕುಳಿತಿದ್ದೇನೆ.