ಹೆರದೆ ತಾಯಾದ ಟೈಲರಕ್ಕ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಟೈಲರಕ್ಕ ಎನ್ನುತ್ತಿದ್ದರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. "ನನಗೂ ಮಕ್ಕಳಿಗೂ ಎಣ್ಣೆ ಸೀಗೆಕಾಯಿ" ಎಂದು ತಾನೇ ನಗುತ್ತಿದ್ದಳು. ಅಳತೆಗೆ ಬಂದ ಮಕ್ಕಳು ಅವಳ ಟೇಪು ಕಂಡರೇ ಅಳುತ್ತಿದ್ದವು.

ಅವಳ ತಂಗಿ ಹೆರಿಗೆಯಾದ ವಾರದೊಳಗೆ ನಂಜೇರಿ ತೀರಿಕೊಂಡಳು. ತಂಗಿಯ ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು. ದಿಕ್ಕು ತೋಚದೆ ಹಸುಗೂಸನ್ನು ತಂದು ಟೈಲರಕ್ಕನ ಮಡಿಲಿಗೆ ಹಾಕಿದ.

ಕೂಸು ಅತ್ತಿದ್ದೇ ಅತ್ತಿದ್ದು. ಬಾಟಲಿ ಹಾಲನ್ನು ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಟೈಲರಕ್ಕನೋ, ಗಿರಾಕಿಯ ರೇಷ್ಮೆ ಬಟ್ಟೆಯೇನೋ ಎಂಬಂತೆ ಅದನ್ನು ತೋಳು ಚಾಚಿ ದೂರ ಹಿಡಿಯುತ್ತಿದ್ದಳು. ಕೊನೆಗೆ ಮಕ್ಕಳ ಡಾಕ್ಟರಮ್ಮನ ಮುಂದೆ ಕಣ್ಣೀರಿಟ್ಟಳು.

"ನಾನು ಹೆತ್ತಿಲ್ಲ, ಹಾಲೂಡಿಸಿಲ್ಲ. ಇದು ನನಗೆ ಹೇಗೆ ಒಗ್ಗುತ್ತೆ ಡಾಕ್ಟ್ರೇ?"

"ಹೊಟ್ಟೇಲಿದ್ದಾಗ ಕೇಳಿದ ದನಿ, ಗೊತ್ತಿದ್ದ ವಾಸನೆ ಹುಡುಕ್ತಾ ಇದೆ ಪಾಪ. ಎದೆಗೆ ಅವಚ್ಕೊಳ್ಳಿ, ಮೈಗೆ ಮೈ ತಾಗ್ಲಿ. ಆಗ ಆಕ್ಸಿಟೋಸಿನ್ ಅಂತ ಒಂದು ರಸ ನಿಮ್ಮಲ್ಲೂ ಹೆಚ್ಚುತ್ತೆ, ಮಗೂನಲ್ಲೂ ಹೆಚ್ಚುತ್ತೆ. ಗಾಬರಿ ಹುಟ್ಟಿಸೋ ರಸ ಇಳಿಯುತ್ತೆ. ಇವರ ಹತ್ರ ಇದ್ರೆ ಹಿತ ಅಂತ ಮಿದುಳು ನಿಧಾನಕ್ಕೆ ಕಲಿಯುತ್ತೆ."

"ಹೆರದವಳ ತಲೇಲೂ ಅದು ಬರುತ್ತಾ?"

"ನೀವೇನು ಕಲ್ಲಾ?" ಎಂದರು ಡಾಕ್ಟರಮ್ಮ.

ಅಂದಿನಿಂದ ಅವಳು ಕೂಸನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡೇ ಓಡಾಡಿದಳು. ಹೊಲಿಗೆ ಮೂಲೆಗೆ ಬಿತ್ತು, ಗಿರಾಕಿಗಳು ಗೊಣಗಿದರು. ಒಂದು ಮಧ್ಯಾಹ್ನ ಪಕ್ಕದ ಅಂಗಡಿಯ ಅಜ್ಜಿ ಎತ್ತಿಕೊಂಡಾಗ ಚೀರುತ್ತಿದ್ದ ಕೂಸು, ಇವಳ ದನಿ ಕಿವಿಗೆ ಬಿದ್ದದ್ದೇ ಥಟ್ಟನೆ ಸುಮ್ಮನಾಗಿ ಕತ್ತು ತಿರುಗಿಸಿತು. ಟೈಲರಕ್ಕ ಓಡಿಬಂದು ಅದನ್ನು ಎದೆಗೆ ಎತ್ತಿಕೊಂಡಳು.

"ಕಳ್ಳಿ, ನನ್ನ ಗುರುತು ಹಿಡಿದುಬಿಟ್ಯಾ!"

ವರ್ಷ ತುಂಬುವ ಹೊತ್ತಿಗೆ ತಂಗಿಯ ಗಂಡ ಮಗಳನ್ನು ಕರೆದೊಯ್ಯಲು ಬಂದ. ಕೈಚಾಚಿದರೆ ಮಗು ಟೈಲರಕ್ಕನ ಕೊರಳು ಬಿಗಿಹಿಡಿದು ಕಿರುಚಿತು. ಅವನ ಮುಖ ಬಾಡಿತು.

"ನನ್ನ ಮಗಳಿಗೆ ನಾನೇ ಹೊರಗಿನವನಾದೆ ಅಕ್ಕಾ."

ಹಾಗೇ ಇರಲಿ ಎಂದು ಅವಳು ಸುಮ್ಮನಿದ್ದುಬಿಡಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿಯೂ ಅನ್ನಿಸಿತು. ಆಮೇಲೆ ಅಂದಳು, "ಮುನಿಸಲ್ಲಪ್ಪ, ನಿನ್ನ ಪರಿಚಯ ಇಲ್ಲ ಅಷ್ಟೇ. ನನ್ನನ್ನೂ ಮೊದಲು ಹತ್ತಿರ ಸೇರಿಸ್ತಿರಲಿಲ್ಲ. ಇದು ಇಲ್ಲೇ ಇರ್ಲಿ. ನೀನು ಊರಲ್ಲೇ ಏನಾದ್ರೂ ಕೆಲಸ ನೋಡ್ಕೊ. ದಿನಾ ಬಾ, ಎತ್ಕೊ, ಉಣ್ಣಿಸು."

ಅವನು ಲಾರಿ ಬಿಟ್ಟು ಹಾಲಿನ ವ್ಯಾನು ಓಡಿಸತೊಡಗಿದ. ದಿನಾ ಸಂಜೆ ಬಂದು ಮಗಳ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ಮೊದಮೊದಲು ಬರಿ ಅಳು. ಕೆಲವು ತಿಂಗಳ ಮೇಲೆ ಒಂದು ಸಂಜೆ ಮಗು ತೂರಾಡುತ್ತ ತಾನಾಗಿಯೇ ಹೋಗಿ ಅಪ್ಪನ ತೊಡೆ ಹತ್ತಿತು. ಟೈಲರಕ್ಕನಿಗೆ ಒಳಗೊಳಗೇ ತುಸು ಹೊಟ್ಟೆಕಿಚ್ಚಾಯಿತು. ಆದರೂ ಅನ್ನದ ಬಟ್ಟಲನ್ನು ಅವನ ಕೈಗೇ ಕೊಟ್ಟಳು.