ಕೊಳ್ಳದ ಕಾರುಗಳ ಪೇಢೆ

ತಾನು ದುಡ್ಡು ಕೊಟ್ಟು ತಂದ ಕಾರು ಕೆಟ್ಟದ್ದು ಎಂದು ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ. ಇದು ನಿಮಗೆ ಗೊತ್ತು. ನೀವೂ ಹೇಳಿಲ್ಲ.

ದಾಂಡೇಲಿಯ ಶಿವಗಂಗವ್ವನಿಗೆ ಇದು ಗೊತ್ತಿರಲಿಲ್ಲ. ಆಕೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ರೊಟ್ಟಿ ಒಡೆದಿದ್ದರೆ ಒಡೆದಿದೆ ಎಂದು ಹೇಳಿಯೇ ಮಾರುವವಳು. ಕಾರು ಇಟ್ಟವರೂ ಹಾಗೆಯೇ ಇರುತ್ತಾರೆ ಎಂದುಕೊಂಡಿದ್ದಳು ಪಾಪ.

ಗಂಡ ಚನಬಸಪ್ಪ ಪೇಪರ್ ಮಿಲ್ಲಿನಲ್ಲಿ ಮೂರೂ ಪಾಳಿ ದುಡಿದು ನಿವೃತ್ತನಾದ. ಅವನ ಹಿಂದೆಯೇ ಅವನ ಎರಡೂ ಕಿಡ್ನಿಗಳು ನಿವೃತ್ತಿ ತೆಗೆದುಕೊಂಡವು. ಹತ್ತಿರದಲ್ಲಿ ಎಲ್ಲಿಯೂ ಸರದಿ ಸಿಗದೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಧಾರವಾಡಕ್ಕೆ ಹೋಗಬೇಕು. ತಪ್ಪಿದರೆ ಕಾಲು ಊದುತ್ತವೆ, ಮರುದಿನ ಉಸಿರು ಹಿಡಿಯುತ್ತದೆ. ಒಂದು ಸಲ ಬಾಡಿಗೆ ಕಾರು ಹಳಿಯಾಳದ ಈಚೆ ಕಾಡಿನ ನಡುವೆ ನಿಂತುಬಿಟ್ಟಿತು. ಫೋನ್ ಹತ್ತಲಿಲ್ಲ. ಸಾಗವಾನಿ ಮರದ ಬುಡದಲ್ಲಿ ಕುಳಿತ ಚನಬಸಪ್ಪ ಎದುರಿನ ಮಂಗಗಳ ಹಿಂಡು ನೋಡಿ, "ಶಿವಗಂಗಾ, ಇವನ್ನರೆ ಕೇಳಿ ನೋಡು, ಒಂದು ಕಿಡ್ನಿ ಕೊಟ್ರೂ ಕೊಟ್ಟಾವು" ಎಂದ.

ಆಕೆ ನಗಲಿಲ್ಲ. ಕಾರು ಕೊಳ್ಳಬೇಕು, ತಾನೇ ಓಡಿಸಬೇಕು, ಅದು ದಾರಿಯಲ್ಲಿ ನಿಲ್ಲಬಾರದು ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡಳು. ಓಡಿಸುವುದನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತಳು. ಅದಕ್ಕೆ ಓಣಿಯ ಒಂದು ಬೇಲಿ ಮತ್ತು ಹಾಲಿನ ಡೈರಿಯ ಅರ್ಧ ಕಟ್ಟೆ ಬಲಿಯಾದವು. ನಿಲ್ಲದ ಕಾರು ಯಾವುದು ಎಂಬುದೇ ತೊಡಕಾಯಿತು.

ಆಕೆಯ ಕೈಗೆ ಎಟಕುವಂತೆ ಮೂರು ಕಂಪನಿಯ ಸಣ್ಣ ಕಾರುಗಳಿದ್ದವು. ಕಂಪನಿಗಳ ಹೆಸರು ಬೇಡ. ಪರಿಚಯದವರ ಬಳಿ ಇದ್ದ ಕಾರುಗಳ ಬಣ್ಣದ ಮೇಲೆ ಕೆಂಪು, ಬಿಳಿ, ಬೂದಿ ಎನ್ನೋಣ.

ಮೊದಲು ಹುಬ್ಬಳ್ಳಿಯ ಶೋರೂಮಿಗೆ ಹೋದಳು. ಟೈ ಕಟ್ಟಿದ ಹುಡುಗ ಕೆಂಪು ಕಾರಿನ ಬಾಗಿಲು ತೆರೆದ.

"ಅವ್ವಾರ, ಇಷ್ಟು ದೊಡ್ಡ ಸ್ಕ್ರೀನ್ ಐತ್ರಿ. ಮಾತಾಡಿದ್ರ ಕೇಳತೈತಿ."

"ಕಾಡಿನ್ಯಾಗ ನಿಂತ್ರ?"

"ಸಹಾಯವಾಣಿ ಐತ್ರಿ. ಒಂದು ಫೋನ್ ಹಚ್ಚಿದ್ರ ಮುಗೀತು."

"ಅಲ್ಲೆ ಫೋನ್ ಹತ್ತೂದಿಲ್ಲಪಾ."

"ಅದಕ್ಕ ಸ್ಕ್ರೀನ್ ಐತಲ್ರಿ, ಹಾಡ ಕೇಳಕೋತ ಕೂಡ್ರಬಹುದು."

ಫೋನಿನ ವಿಡಿಯೋಗಳನ್ನೂ ನೋಡಿದಳು. ನೀರಿನ ಬಾಟಲಿ ಇಡಲು ಕಾರಿನಲ್ಲಿ ಎಷ್ಟು ಗೂಡುಗಳಿವೆ ಎಂದು ಹೇಳಲು ಈ ದೇಶದಲ್ಲಿ ಸಾವಿರ ಜನ ಕುಳಿತಿದ್ದಾರೆ. ಮೂರನೆಯ ಮಳೆಗಾಲದಲ್ಲಿ ಅದರ ಕ್ಲಚ್ಚಿನ ಗತಿ ಏನು ಎಂದು ಹೇಳಲು ಒಬ್ಬನಿಗೂ ಬಾಯಿಲ್ಲ. ಹಾಗಾಗಿ ಕಾರು ಇಟ್ಟವರನ್ನೇ ಕೇಳಲು ಹೊರಟಳು.

ಕೆಂಪು ಕಾರಿನವನು ಹೈಸ್ಕೂಲ್ ಮಾಸ್ತರ ಸಂಜೀವಕುಮಾರ. ಶಿವಗಂಗವ್ವ ಹೋದಾಗ ಹೆಂಡತಿ ಪೂರ್ಣಿಮಾಳನ್ನು ಸ್ಟೇರಿಂಗ್ ಮುಂದೆ ಕೂಡಿಸಿ ಆತ ಹಿಂದಿನಿಂದ ನೂಕುತ್ತಿದ್ದ. ಈಕೆಯೂ ಕೈ ಹಚ್ಚಿದಳು.

"ಸರ, ಗಾಡಿ ಹೆಂಗ ಐತ್ರಿ?"

"ಏಕದಂ... ನೂಕ್ರಿ, ನೂಕ್ರಿ... ಏಕದಂ ಫಸ್ಟ್ ಕ್ಲಾಸ್, ಅಕ್ಕಾರ."

"ಮತ್ತ ನೂಕಾಕತ್ತೀವಲ್ರಿ?"

"ಅದು ಗಾಡಿ ತಪ್ಪಲ್ರಿ. ಬ್ಯಾಟರಿ ತಪ್ಪು."

"ಬ್ಯಾಟರಿ ಗಾಡಿ ಒಳಗ ಐತಲ್ರಿ ಸರ?"

"ಒಳಗ ಇದ್ರೇನಾತ್ರಿ? ಅದರ ಕಂಪನಿನ ಬ್ಯಾರೆ."

ಒಳಗಿನಿಂದ ಪೂರ್ಣಿಮಾ ಏನೋ ಹೇಳಲು ನೋಡಿದಳು. ಗಾಜು ಕೆಳಗಿಳಿಯಲಿಲ್ಲ.

ಬಿಳಿ ಕಾರಿನ ವೀರೇಶ ಮೌಳಂಗಿಯ ಹತ್ತಿರ ಹೋಮ್‌ಸ್ಟೇ ನಡೆಸುತ್ತಾನೆ. ಅವನ ಕಾರು ತಾಡಪತ್ರಿಯ ಹೊದಿಕೆಯ ಕೆಳಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು.

"ಯಾಕೋ ವೀರೇಶ, ಓಡಸೂದಿಲ್ಲೇನು?"

"ಭಾಳ ಚೊಲೊ ಗಾಡಿ ಕಾಕು. ಹೊರಗ ತಗದ್ರ ಹಾಳಾದೀತಂತ ತಗಿಯೂದಿಲ್ಲ."

ಬೂದಿ ಕಾರಿನ ಪೀರಸಾಬ ಹಳಿಯಾಳದ ಅರಿವೆ ವ್ಯಾಪಾರಿ. ಆತ ಕಾರಿನಿಂದ ಇಳಿದು ಅಂಗಿಯ ತೋಳಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, "ಎ.ಸಿ. ಹಚ್ಚಿದ್ರ ಕಾಶ್ಮೀರ ಅಕ್ಕಾ, ಕಾಶ್ಮೀರ" ಎಂದ.

ಮೂವರದೂ ಫಸ್ಟ್ ಕ್ಲಾಸ್. ಶಿವಗಂಗವ್ವ ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತಳು.

ದಾರಿ ಸಿಕ್ಕದ್ದು ಚನಬಸಪ್ಪನ ಚೇಷ್ಟೆಯಿಂದ. ಒಂದು ಸಂಜೆ ಬಸ್ ನಿಲ್ದಾಣದ ಬಳಿ ಸಂಜೀವಕುಮಾರ ಎದುರಾದ. ಸುಮ್ಮನಿರಲಾಗದೆ ಚನಬಸಪ್ಪ, "ಸರ, ನಿಮ್ಮ ಮಾತ ಕೇಳಿ ನಾವೂ ನಿಮ್ಮಂಥಾದ್ದ ತಗೊಂಡ್ವಿ ನೋಡ್ರಿ" ಎಂದ.

ಮಾಸ್ತರನ ಮುಖ ಇಳಿಯಿತು. "ತಗೊಂಡಬಿಟ್ರ್ಯಾ? ರೊಕ್ಕಾನೂ ಕೊಟ್ಟಾತ್ರ್ಯಾ?"

"ಆತ್ರಿ."

ಸಂಜೀವಕುಮಾರ ಆಚೀಚೆ ನೋಡಿ, ಸಾವಿನ ಮನೆಗೆ ಬಂದವನಂತೆ ಅವನ ಕೈ ಹಿಡಿದುಕೊಂಡ. "ಹಂಗಾರ ಇನ್ನ ಹೇಳಾಕ ಅಡ್ಡಿಯಿಲ್ಲ. ಮಳ್ಯಾಗ ನಿಲ್ಲತೈತ್ರಿ. ಘಟ್ಟದಾಗ ಇಂಜಿನ್ ಕಾದು ನಿಲ್ಲತೈತಿ. ಗೋವಾಕ್ಕ ಹೋಗೂಮುಂದ ಅನಮೋಡದ ಚೆಕ್‌ಪೋಸ್ಟದಾಗ ಎಷ್ಟು ಸಲ ನಿಂತೈತಂದ್ರ, ಅಲ್ಲಿಯವ್ರು ನಮಗ ಚಾ ಕೊಡ್ತಾರ. ನಿಮಗೂ ಕೊಡ್ತಾರ, ನನ್ನ ಹೆಸರ ಹೇಳ್ರಿ."

"ಮತ್ತ ಅವತ್ತ ಫಸ್ಟ್ ಕ್ಲಾಸ್ ಅಂದ್ರಿ?"

"ಅವತ್ತ ನೀವು ಹೊರಗಿನವ್ರು ಇದ್ರಿ."

ಚನಬಸಪ್ಪ ಇದನ್ನು ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ಶಿವಗಂಗವ್ವ ಎದ್ದು ಹೋಗಿ ಪೇಢೆಯ ಡಬ್ಬಿ ತಂದಳು. ನಮ್ಮ ಕಡೆ ಹೊಸ ಗಾಡಿ ಬಂದರೆ ಪೇಢೆ ಹಂಚುತ್ತಾರೆ. ಪೇಢೆ ಕೈಗೆ ಬಂದ ಮೇಲೆ ಗಾಡಿ ತೋರಿಸು ಎಂದು ಯಾರೂ ಕೇಳುವುದಿಲ್ಲ.

ಮೌಳಂಗಿಯಲ್ಲಿ ವೀರೇಶ ಪೇಢೆ ಬಾಯಿಗೆ ಹಾಕಿಕೊಂಡು, "ಏನ ವಿಶೇಷ ಕಾಕು?" ಎಂದ.

"ನಿನ್ನಂಥಾ ಬಿಳೇದನ್ನ ತಗೊಂಡ್ವೆಪಾ."

ವೀರೇಶ ನಿಂತಲ್ಲೇ ಕುಕ್ಕರಿಸಿದ. "ನನ್ನ ಒಂದು ಮಾತ ಕೇಳಬಾರದಾ ಕಾಕು?"

"ಕೇಳಿದ್ನೆಲ್ಲೋ!"

"ಕೇಳಿದ್ರಿ ಖರೆ. ನೀವು ತಗೊಂಡ ಬಿಡ್ತೀರಂತ ನನಗೇನ ಗೊತ್ತು? ಗೇರ್ ಬಾಕ್ಸ್ ಹೋಗೇತಿ. ಸಾಮಾನು ಇವತ್ತ ಬರತೈತಿ, ನಾಳೆ ಬರತೈತಿ ಅನ್ನೂದರಾಗ ಒಂದು ಮಳಿಗಾಲ ಹೋತು. ಕೋಳಿ ಕಾವ ಕುಂತ ಮ್ಯಾಲೆ ನನಗ ಸ್ವಲ್ಪ ಸಮಾಧಾನ. ಯಾರರೆ ಕೇಳಿದ್ರ ಕೋಳಿ ಸಲುವಾಗಿ ನಿಲ್ಲಿಸೇನಿ ಅಂತೇನಿ."

ಹಳಿಯಾಳದಲ್ಲಿ ಪೀರಸಾಬ ಒಂದು ತಿಂದು ಇನ್ನೊಂದು ತೆಗೆದುಕೊಂಡ. "ಬೂದಿ ಬಣ್ಣದ್ದ ತಗೊಂಡ್ರ್ಯಾ? ಸಿಟ್ಟ ಮಾಡಕೋಬ್ಯಾಡ್ರಿ ಅಕ್ಕಾ. ಎ.ಸಿ. ಬರೇ ಸಪ್ಪಳ ಮಾಡತೈತಿ. ಹಿಂದಿನ ಬಾಗಲಾ ಒದ್ರ ಅಷ್ಟ ತೆರೀತೈತಿ. ಮಳಿ ಬಂದ್ರ ಕಾಲಾಗ ನೀರು."

"ದಾರ್ಯಾಗ ನಿಂತದ್ದೆಷ್ಟ ಸಲ?"

ಪೀರಸಾಬ ಬಹಳ ಹೊತ್ತು ನೆನಪು ಮಾಡಿಕೊಂಡ. "ಒಮ್ಮೆ ನಿಂತಿತ್ತು ನೋಡ್ರಿ. ನಾನ ಪೆಟ್ರೋಲ್ ಹಾಕಿಸೂದು ಮರತಿದ್ದೆ."

"ಖರೇನ?"

"ಪೇಢೆ ತಿಂದು ಸುಳ್ಳ ಹೇಳ್ತೇನೇನಕ್ಕಾ?"

ನೋಡಿ, ಕಾರಿನ ಒಳ್ಳೆಯ ಗುಣವೊಂದನ್ನು ಹೇಳಲೂ ಈ ಮನುಷ್ಯನಿಗೆ ಪೇಢೆ ಬೇಕಾಯಿತು. ಮೊದಲು ಕೇಳಿದಾಗ ಹೇಳಿದ್ದು ಬರೀ ಕಾಶ್ಮೀರ.

ಶಿವಗಂಗವ್ವ ಬೂದಿ ಕಾರನ್ನು ಗೊತ್ತು ಮಾಡಿದಳು. ಅದು ಮನೆಗೆ ಬರುವುದರೊಳಗೆ, ರೊಟ್ಟಿಯ ಶಿವಗಂಗವ್ವ ಮೂರು ಕಾರು ತಗೊಂಡಾಳ ಎಂದು ಊರೆಲ್ಲ ಸುದ್ದಿಯಾಯಿತು. ಓಣಿಯವರು ಮದುವೆಗೆ ಒಂದು ಕಾರು ಕೇಳಿದರು; ಮೂರರಲ್ಲಿ ಒಂದು ಕೊಡಲಾರದಷ್ಟು ಸೊಕ್ಕೇ ಎಂದು ಮುನಿಸಿಕೊಂಡರು. ಯುವಕ ಮಂಡಳದವರು ವಂತಿಗೆಗೆ ಬಂದರು. ಕೊನೆಗೆ ರೇಷನ್ ಕಾರ್ಡ್ ತಪಾಸಣೆಗೆ ಒಬ್ಬ ಸಾಹೇಬ ಬಂದ. ಹಿತ್ತಿಲು ನೋಡಿದ. ದನದ ಕೊಟ್ಟಿಗೆಯಲ್ಲಿ ಇಣುಕಿದ. ಎಮ್ಮೆ ಅವನನ್ನು ನೋಡಿತು.

"ಮೂರು ಕಾರು ಎಲ್ಲಿಟ್ಟೀರಿ?"

"ಇನ್ನೂ ಒಂದೂ ಬಂದಿಲ್ರಿ. ಬಂದ ದಿನ ಕಾರ್ಡ್ ನಾನ ತಂದ ಕೊಡ್ತೇನಿ."

"ಮತ್ತ ಪೇಢೆ ಹಂಚೀರಿ?"

"ಹಂಚೇನ್ರಿ. ಗಾಡಿ ಹೆಂಗ ಅದಾವ ಅಂತ ತಿಳಕೊಳ್ಳಾಕ."

ಸಾಹೇಬ ಗೇಟಿನ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ನಾನೂ ಒಂದು ನೋಡಾಕತ್ತೇನ್ರಿ. ಬಿಳೇದು ಹೆಂಗಂತ್ರಿ?"

"ಕೋಳಿಗೆ ಚೊಲೊ ಐತಂತ್ರಿ."

ಬೂದಿ ಕಾರು ಬಂತು, ಪೀರಸಾಬ ಹೇಳಿದ ಕುಂದುಗಳನ್ನೆಲ್ಲ ಹೊತ್ತುಕೊಂಡೇ. ಮಳೆಗಾಲ ಹಿಡಿಯಿತು. ಒಂದು ಮುಂಜಾನೆ ಗಂಡನನ್ನು ಕೂಡಿಸಿಕೊಂಡು ಧಾರವಾಡಕ್ಕೆ ಹೊರಟಾಗ, ಅದೇ ಕಾಡಿನ ದಾರಿಯಲ್ಲಿ ಕೆಂಪು ಕಾರು ಬಾನೆಟ್ ಎತ್ತಿ ನಿಂತಿತ್ತು. ಸಂಜೀವಕುಮಾರನ ಜೊತೆ ಜೋಯಿಡಾ ಕಡೆಯ ದುರ್ಗವ್ವ ಇದ್ದಳು. ಶಿವಗಂಗವ್ವನಿಂದ ರೊಟ್ಟಿ ಒಯ್ದು ಮಾರುವ ಹೆಂಗಸು. ಪಕ್ಕದಲ್ಲಿ ಒಂದೇ ಕೊಡೆಯ ಕೆಳಗೆ ತುಂಬಿದ ಬಸುರಿ ಸೊಸೆ. ಅವರ ಊರು ಕಾಡಿನ ಒಳಗೆ. ಹೆರಿಗೆ ಹತ್ತಿರ ಬಂದಿದೆ, ಕಾರೊಂದು ಇರಲಿ ಎಂದು ಮಾಸ್ತರನ ಕಾರನ್ನೇ ಕೊಳ್ಳಲು ಬಂದಿದ್ದರು. ಓಡಿಸಿ ತೋರಿಸಲು ಆತ ಕರೆತಂದಿದ್ದ.

"ಏನಿಲ್ರಿ," ಎನ್ನುತ್ತಿದ್ದ ಸಂಜೀವಕುಮಾರ. "ಇಂಜಿನ್ ಆರಾಕ ಬಿಟ್ಟೇನಿ. ಚೊಲೊ ಗಾಡಿಗೆ ಹಿಂಗ ನಡುನಡುವ ಆರಾಕ ಬಿಡಬೇಕಾಗತೈತಿ."

ದುರ್ಗವ್ವ ಹೌದೆನ್ನುವಂತೆ ತಲೆಯಾಡಿಸುತ್ತಿದ್ದಳು.

ಶಿವಗಂಗವ್ವ ಇಂಜಿನ್ ಆರಿಸದೆ ಗಾಜು ಇಳಿಸಿದಳು. "ದುರ್ಗವ್ವಕ್ಕ, ಅದು ಮಳ್ಯಾಗ ನಿಲ್ಲತೈತಿ. ಘಟ್ಟದಾಗೂ ನಿಲ್ಲತೈತಿ. ಸರ ತಾವ ನಮ್ಮ ಮನಿಯವರಿಗೆ ಹೇಳ್ಯಾರ."

"ಅಕ್ಕಾರ!" ಮಾಸ್ತರ ಕೂಗಿದ. "ಅದು ನಮ್ಮ ನಮ್ಮೊಳಗಿನ ಮಾತ್ರಿ!"

"ನಾವು ನಿಮ್ಮಂಥಾದ್ದು ತಗೊಂಡ ಇಲ್ರಿ ಸರ. ನಾವು ಹೊರಗಿನವ್ರ."

"ಅಂದ್ರ ಅವತ್ತ ಯಜಮಾನ್ರು ಹೇಳಿದ್ದು?"

ಚನಬಸಪ್ಪ ಈ ಕಡೆಯಿಂದ ಬಗ್ಗಿ ಹೇಳಿದ: "ಫಸ್ಟ್ ಕ್ಲಾಸ್ ಸುಳ್ಳು, ಸರ."

"ನನ್ನ ಮಾನ ಕಳದ್ರಿ. ಇನ್ನ ಈ ಗಾಡಿ ಯಾರ ತಗೋತಾರ?"

"ಅದನ್ನ ನೀವು ನೋಡ್ಕೋರಿ. ನಾ ಇವರನ್ನ ಹೊತ್ತಿಗೆ ಸರಿಯಾಗಿ ಮುಟ್ಟಸಬೇಕು. ದುರ್ಗವ್ವಕ್ಕ, ಸೊಸಿನ್ನ ಕರಕೊಂಡ ಹತ್ರಿ, ಹಳಿಯಾಳದಾಗ ಬಸ್ಸಿಗೆ ಬಿಡ್ತೇನಿ. ಬಾಗಲಾ ಒದೀರಿ, ತೆರೀತೈತಿ."

ದುರ್ಗವ್ವ ಒದ್ದಳು. ತೆರೆಯಿತು. ಮಾಸ್ತರನನ್ನೂ ಕರೆದರು, ಆತ ಬರಲಿಲ್ಲ. ಚನಬಸಪ್ಪ ಧಾರವಾಡದಲ್ಲಿ ಹೊತ್ತಿಗೆ ಸರಿಯಾಗಿ ಡಯಾಲಿಸಿಸ್ ಯಂತ್ರದ ಮುಂದೆ ಮಲಗಿದ.

ಅಂದಿನಿಂದ ಕಾರು ಇಟ್ಟ ಅನೇಕರು ಶಿವಗಂಗವ್ವನನ್ನು ಮಾತನಾಡಿಸುವುದಿಲ್ಲ. ಆಕೆ ಬಾಯಿ ಬಿಟ್ಟು ಗಾಡಿಗಳ ರೇಟು ಬೀಳಿಸಿದಳಂತೆ. ತನ್ನ ಕಾರಿನ ಬಗ್ಗೆ ಕೇಳಿದವರಿಗೆಲ್ಲ ಆಕೆ ಎ.ಸಿ. ಇಲ್ಲ, ಬಾಗಿಲು ಒದೆಯಬೇಕು, ಕಾಲಲ್ಲಿ ನೀರು, ಆದರೆ ನಿಲ್ಲುವುದಿಲ್ಲ ಎನ್ನುತ್ತಾಳೆ. ಊರು ಮೊದಲ ಮೂರನ್ನಷ್ಟೇ ಕೇಳಿಸಿಕೊಂಡು, ಪಾಪ ಮೋಸಹೋದಳು ಎಂದು ಮರುಗುತ್ತದೆ. ಊರಿನಲ್ಲಿ ಎಲ್ಲಕ್ಕಿಂತ ಕೆಟ್ಟ ಹೆಸರಿನ ಕಾರು ಈಗ ಅದೊಂದೇ.

ಕೆಂಪು ಕಾರು ಮುಂಡಗೋಡದ ಯಾರಿಗೋ ಮಾರಾಟವಾಯಿತು. ಫಸ್ಟ್ ಕ್ಲಾಸ್ ಎಂದು ಹೇಳಿಯೇ ಮಾರಿರುತ್ತಾರೆ. ಕೊಂಡವರ ಮನೆಯಲ್ಲಿ ಯಾರಿಗೆ ಉಸಿರು ಹಿಡಿಯುತ್ತದೆ, ಯಾರಿಗೆ ದಿನ ತುಂಬಿವೆ, ಮಾರಿದವನು ಕೇಳಲಿಲ್ಲ.

ಹಾಗಾದರೆ ಈಗ ನೀವು ಹೇಳಿ. ನಿಮ್ಮ ಕಾರು ಯಾವ ದಾರಿಯಲ್ಲಿ, ಯಾಕೆ ನಿಂತಿತು? ನನಗಲ್ಲ. ಗಾಡಿ ಹೇಗಿದೆ ಎಂದು ಮೊನ್ನೆ ನಿಮ್ಮನ್ನು ಕೇಳಿದರಲ್ಲ, ನೀವು ನಕ್ಕು ಏನೋ ಹೇಳಿ ಕಳಿಸಿದಿರಲ್ಲ, ಅವರು ಮುಂಗಡ ಕೊಡುವ ಮೊದಲು ಫೋನ್ ಮಾಡಿ ಹೇಳಿ.